ಹಿರಿಯರು ಬಿಟ್ಟ ಸ್ಥಾನ

ಶ್ರೀರಂಗಪಟ್ಟಣವನ್ನು ಬಳಸಿ ಹರಿಯುವ ಕಾವೇರಿ, ಕೆ.ಆರ್. ಪೇಟೆಯ ಸೀಮೆಯ ಹೇಮಾವತಿ, ಪಾಂಡವಪುರದ ಬಳಿಯ ತೊಣ್ಣೂರು ಕೆರೆ—ಇವನ್ನು ಬಲ್ಲವರಿಗೆ ಹರಿಗೋಲಿನ ಪರಿಚಯ ಉಂಟು. ನಾಗಮಂಗಲದ ಬಯಲಿನವರೂ ಅದನ್ನು ಅರಿಯದವರಲ್ಲ. ನಮ್ಮ ಅಂಬಿಗ ಮುಂದೆ ನೋಡುತ್ತ ಹುಟ್ಟು ಹಾಕುತ್ತಾನೆ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ದೋಣಿಪಂದ್ಯದಲ್ಲಾದರೋ ಎಂಟು ಮಂದಿ ವಿದ್ಯಾರ್ಥಿಗಳು ಗುರಿಗೆ ಬೆನ್ನುಮಾಡಿ ಕುಳಿತಿರುತ್ತಾರೆ. ಅವರ ಕಣ್ಣಿಗೆ ಬೀಳುವುದು ಬೆನ್ನಟ್ಟಿ ಬರುವ ದೋಣಿ. ಮುಂದಿನ ದಾರಿ ಕಾಣುವುದು ಚುಕ್ಕಾಣಿ ಹಿಡಿದ ಒಂಬತ್ತನೆಯವನಿಗೆ ಮಾತ್ರ.

ಅಲ್ಲಿಯ ಕ್ಯಾಮ್ ನದಿ ಬಲು ಕಿರಿದು. ದೋಣಿಗಳು ಸರಿಸಾಲಾಗಿ ಓಡಲು ಎಡೆಯಿಲ್ಲ. ಈ ಕೊರತೆಯೇ 1827ರಲ್ಲಿ ಒಂದು ವಿಚಿತ್ರ ಸ್ಪರ್ಧೆಗೆ ದಾರಿಮಾಡಿತು. ಅದರ ಹೆಸರು ‘ಬಂಪ್ಸ್’; ದೋಣಿಗಳ ಮುಟ್ಟಾಟವೆನ್ನಬಹುದು. ದೋಣಿಗಳು ಒಂದರ ಹಿಂದೊಂದು, ಒಂದೂವರೆ ದೋಣಿಯುದ್ದದ ಅಂತರದಲ್ಲಿ ನಿಲ್ಲುತ್ತವೆ. ಫಿರಂಗಿ ಹಾರಿದೊಡನೆ ಪ್ರತಿಯೊಂದೂ ಮುಂದಿನದನ್ನು ಮುಟ್ಟಬೇಕು, ಹಿಂದಿನದರಿಂದ ತಪ್ಪಿಸಿಕೊಳ್ಳಬೇಕು. ಮುಟ್ಟಿದ ಬಳಿಕ ಎರಡೂ ದಡಕ್ಕೆ ಸರಿಯುತ್ತವೆ. ಮರುದಿನ ಅವುಗಳ ಸ್ಥಾನ ಅದಲುಬದಲು. ಮುಟ್ಟಿ ಗೆದ್ದವರು ದಡದ ಹಸುರೆಲೆ ಮುಡಿದು ಮರಳುತ್ತಾರೆ. ಹೀಗೆ ನಾಲ್ಕು ದಿನ. ವರ್ಷದ ದೊಡ್ಡ ಪಂದ್ಯದ ಹೆಸರು ‘ಮೇ ಬಂಪ್ಸ್’. ನಡೆಯುವುದು ಮಾತ್ರ ಜೂನ್ ತಿಂಗಳಲ್ಲಿ! 1970ರ ದಶಕದಿಂದ ವಿದ್ಯಾರ್ಥಿನಿಯರಿಗೂ ಪ್ರತ್ಯೇಕ ಸ್ಪರ್ಧೆ ಉಂಟು.

ಇದರ ಫಲಿತಾಂಶದಲ್ಲಿ ನಿಮಿಷ, ಸೆಕೆಂಡುಗಳ ಲೆಕ್ಕವಿಲ್ಲ. ಯಾವ ಕಾಲೇಜು ಎಷ್ಟು ಮೆಟ್ಟಿಲು ಏರಿತು, ಯಾವುದು ಎಷ್ಟು ಇಳಿಯಿತು ಎಂಬುದಷ್ಟೇ ಮುಖ್ಯ. ನಾಲ್ಕು ದಿನವೂ ಮುಂದಿನ ದೋಣಿಯನ್ನು ಮುಟ್ಟಿದವರಿಗೆ ಹೆಸರು ಬರೆದ ಹುಟ್ಟಿನ ಗೌರವ. ನಾಲ್ಕು ದಿನವೂ ಸಿಕ್ಕಿಬಿದ್ದವರ ಪಾಲಿಗೆ ಮರದ ಚಮಚ!

ಇನ್ನೊಂದು ನಿಯಮವುಂಟು. ಈ ವರ್ಷ ಕೊನೆಯ ದಿನ ಕಾಲೇಜು ಪಡೆದ ಸ್ಥಾನದಿಂದಲೇ ಮುಂದಿನ ವರ್ಷ ಅದರ ದೋಣಿ ಹೊರಡಬೇಕು. ಅಷ್ಟರಲ್ಲಿ ಹಿರಿಯ ವಿದ್ಯಾರ್ಥಿಗಳು ಪದವಿ ಪಡೆದು ಹೊರಟುಹೋಗಿರುತ್ತಾರೆ. ತಂದೆ ಬಿಟ್ಟ ಗದ್ದೆಯನ್ನೂ ಸಾಲವನ್ನೂ ಮಗ ಹೊರುವಂತೆ, ಅವರ ಗೆಲುವು ಸೋಲುಗಳೆರಡೂ ಕಿರಿಯರ ಹೆಗಲೇರುತ್ತವೆ. ಚೀಟಿಯೆತ್ತಿ ಜೊತೆ ಗೊತ್ತುಮಾಡುವ ಪಂದ್ಯಗಳಲ್ಲಿ ವರ್ಷವರ್ಷವೂ ಎಲ್ಲರೂ ಹೊಸಬರೇ. ಇಲ್ಲಿ ಹಾಗಲ್ಲ. ತಳದಲ್ಲಿರುವ ಕಾಲೇಜು ಎಷ್ಟೇ ಬಲಿಷ್ಠ ತಂಡವನ್ನು ಕಟ್ಟಿದರೂ ಒಂದೇ ವರ್ಷದಲ್ಲಿ ತುದಿಗೇರಲಾರದು. ಹಲವು ತಲೆಮಾರಿನ ವಿದ್ಯಾರ್ಥಿಗಳು ಒಂದೊಂದೇ ಮೆಟ್ಟಿಲು ಗಳಿಸಿಕೊಡಬೇಕು.

ಆದುದರಿಂದಲೇ ನಾಳೆ ಕಾಲೇಜು ಬಿಡುವ ತರುಣನೂ ಕೊನೆಯ ಸಂಜೆ ಒಂದು ಸ್ಥಾನ ಉಳಿಸಲು ಉಸಿರು ಬಿಗಿಹಿಡಿದು ಹುಟ್ಟು ಹಾಕುತ್ತಾನೆ. ಆ ಸ್ಥಾನದಿಂದ ಹೊರಡುವವನು, ಅವನು ಹೆಸರನ್ನೂ ಅರಿಯದ ಮುಂದಿನ ವರ್ಷದ ಹುಡುಗ.