ಖಾಲಿ ಸೀಟು ಎಲ್ಲದ?

ನಮ್ಮ ಕಾಕಾ ಬೆಂಗಳೂರಿನಲ್ಲಿ ಗೌಂಡಿ ಕೆಲಸ ಮಾಡುತ್ತಾನೆ. ಹಿಂದಿನ ವರ್ಷ ದೀಪಾವಳಿಗೆ ಬರಲಿಲ್ಲ. ಟಿಕೆಟ್ ಅಂಗಡಿಯವರು ‘ಫುಲ್ ಆಗ್ಯಾದ’ ಅಂದರಂತೆ. ಅವತ್ತು ಆಯಿ ಹೋಳಿಗೆ ಮುಟ್ಟಲಿಲ್ಲ. ಈ ವರ್ಷ ಮೊಬೈಲಿನಲ್ಲಿ ಸೀಟು ನೋಡಿ ಹಿಡಿದ. ನಾನೇ ಸ್ಟೇಶನ್ ಬಜಾರಕ್ಕೆ ಹೋಗಿ ಕರಕೊಂಡು ಬಂದೆ. ಈ ಉಪಾಯ ಹೆಂಗ ಹುಟ್ಟಿತು ಅಂತ ತಿಳಕೊಂಡು ಬರೆದಿದ್ದೇನೆ.

2005ರ ದೀಪಾವಳಿ. ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿದ್ದ ಫಣೀಂದ್ರ ಸಾಮಾ ಅವರು ಊರಿಗೆ ಹೋಗಲು ಹೈದರಾಬಾದ್ ಬಸ್ಸಿನ ಟಿಕೆಟ್ಟಿಗಾಗಿ ಏಜೆಂಟರ ಅಂಗಡಿ ಅಂಗಡಿ ತಿರುಗಿದರು. ಸಿಗಲಿಲ್ಲ. ಹಬ್ಬ ತಪ್ಪಿತು.

ಆಮೇಲೆ ಅವರು ಕಾರಣ ಹುಡುಕಿದರು. ಆಗ ಖಾಸಗಿ ಬಸ್ಸಿನ ಸೀಟುಗಳನ್ನು ಬೇರೆ ಬೇರೆ ಏಜೆಂಟರು ಮಾರುತ್ತಿದ್ದರು. ಒಬ್ಬರ ಹತ್ತಿರ ಉಳಿದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಒಂದು ಅಂಗಡಿಯಲ್ಲಿ ‘ಇಲ್ಲ’ ಅಂದರೂ ಬೇರೆ ಕಡೆ ಸೀಟು ಖಾಲಿ ಇರಬಹುದು!

ಫಣೀಂದ್ರ ಮತ್ತು ಅವರ ಪಿಲಾನಿ ಕಾಲೇಜಿನ ಗೆಳೆಯರಾದ ಸುಧಾಕರ ಪಸುಪುನೂರಿ, ಚರಣ್ ಪದ್ಮರಾಜು ಕೂಡಿ 2006ರಲ್ಲಿ ಬೆಂಗಳೂರಿನಲ್ಲಿ ‘ರೆಡ್‌ಬಸ್’ ಶುರು ಮಾಡಿದರು. ಬೇರೆ ಬೇರೆ ಬಸ್ಸಿನ ಸೀಟು ಇಂಟರ್ನೆಟ್ಟಿನಲ್ಲಿ ಒಂದೇ ಕಡೆ ಕಾಣುವಂತಾಯಿತು. ಟಿಕೆಟ್ ಮಾರಿದರೆ ಬಸ್ಸಿನವರಿಂದ ಕಮಿಷನ್. ವ್ಯಾಪಾರ ಬೆಳೆಯಿತು. 2013ರಲ್ಲಿ ಐಬಿಬೋ ಎಂಬ ಕಂಪನಿ ಅದನ್ನು ಕೊಂಡಿತು.

ನೋಡಿ, ಅವರು ಬಸ್ಸಿನಲ್ಲಿ ಒಂದು ಸೀಟೂ ಹೆಚ್ಚಿಗೆ ಹಾಕಲಿಲ್ಲ. ಇದ್ದ ಸೀಟು ಕಾಣುವಂಗ ಮಾಡಿದರು. ನಮಗೂ ದಿನಾ ಒಂದಿಲ್ಲೊಂದು ತ್ರಾಸು ಇರತಾವ. ಬೈದು ಸುಮ್ಮನಾಗೋದು ಬ್ಯಾಡ. ‘ಯಾಕ ಹಿಂಗ?’ ಅಂತ ಗೆಳೆಯರು ಕೂಡಿ ಕೇಳೋಣ.

ಈ ದೀಪಾವಳಿಗೆ ಆಯಿ ಎರಡು ಹೋಳಿಗೆ ತಿಂದಳು.