ಮೊಸರು, ಮುದ್ದೆ ಮತ್ತು ನಮ್ಮ ಹೊಟ್ಟೆ

ರಾತ್ರಿ ನಾವು ಹಾಲು ಕಾಯಿಸುತ್ತೇವೆ. ಅದು ಉಗುರುಬೆಚ್ಚಗೆ ಆದ ಮೇಲೆ ಒಂದು ಚಮಚ ಹೆಪ್ಪು ಹಾಕುತ್ತೇವೆ. ಮುಚ್ಚಿಟ್ಟು ಮಲಗುತ್ತೇವೆ. ಬೆಳಿಗ್ಗೆ ಎದ್ದು ನೋಡಿದರೆ ಪಾತ್ರೆ ತುಂಬ ಮೊಸರು. ಒಂದೇ ಒಂದು ಚಮಚ ಹೆಪ್ಪು ಇಷ್ಟು ಹಾಲನ್ನು ಹೇಗೆ ಮೊಸರು ಮಾಡಿತು?

ಹೆಪ್ಪಿನಲ್ಲಿ ಜೀವ ಇದೆ. ಅದು ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವ. ಅದನ್ನು ಸೂಕ್ಷ್ಮಜೀವಿ ಎನ್ನುತ್ತೇವೆ. ಈ ಜೀವಿಗಳು ಹಾಲಿನ ಸಕ್ಕರೆಯನ್ನು ತಿನ್ನುತ್ತವೆ. ತಿಂದು ಹುಳಿ ಮಾಡುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತವೆ. ಆ ಹುಳಿಗೆ ಹಾಲು ಗಟ್ಟಿಯಾಗುತ್ತದೆ. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗೋದಿಲ್ಲ. ಯಾಕೆಂದರೆ ಬಿಸಿಗೆ ಆ ಜೀವಿಗಳು ಸತ್ತುಹೋಗುತ್ತವೆ.

ಇಂಥ ಸೂಕ್ಷ್ಮಜೀವಿಗಳು ನಮ್ಮ ಹೊಟ್ಟೆಯೊಳಗೂ ಇವೆ. ಕೋಟಿ ಕೋಟಿ ಇವೆ. ಅವು ಚೆನ್ನಾಗಿದ್ದರೆ ನಮ್ಮ ಹೊಟ್ಟೆಯೂ ಹಗುರವಾಗಿರುತ್ತದೆ. ಹೇಗೆ ಎಂದು ನೋಡೋಣ.

ಹೇಳಲು ನಾಚಿಕೆ ಯಾಕೆ?

"ಮೂರು ದಿನದಿಂದ ಹೊಟ್ಟೆ ಕಟ್ಟಿಕೊಂಡಿದೆ ಕಣಕ್ಕ." ಈ ಮಾತನ್ನು ನಾವು ಪಿಸುಮಾತಿನಲ್ಲಿ ಹೇಳುತ್ತೇವೆ. ಎಷ್ಟೋ ಸಲ ಹೇಳುವುದೇ ಇಲ್ಲ. ಹಲ್ಲು ನೋವು ಬಂದರೆ ಎಲ್ಲರಿಗೂ ಹೇಳುತ್ತೇವೆ. ಹೊಟ್ಟೆ ಕಟ್ಟಿದರೆ ಮಾತ್ರ ಒಳಗೊಳಗೇ ನರಳುತ್ತೇವೆ.

ಇದಕ್ಕೆ ಮಲಬದ್ಧತೆ ಎಂದು ಹೆಸರು. ದಿನಾ ಆಗಲೇಬೇಕು ಅಂತೇನೂ ಇಲ್ಲ. ಕೆಲವರಿಗೆ ದಿನಕ್ಕೆ ಮೂರು ಸಲ ಆಗುತ್ತದೆ. ಕೆಲವರಿಗೆ ವಾರಕ್ಕೆ ಮೂರು ಸಲ ಆಗುತ್ತದೆ. ಎರಡೂ ಸರಿಯೇ. ಆದರೆ ವಾರಕ್ಕೆ ಮೂರು ಸಲಕ್ಕಿಂತ ಕಡಿಮೆ ಆದರೆ, ಗಟ್ಟಿಯಾಗಿ ಹಿಕ್ಕೆಯಂತೆ ಬಂದರೆ, ಮುಕ್ಕಿ ಮುಕ್ಕಿ ಸಾಕಾದರೆ ಅದು ಮಲಬದ್ಧತೆ.

ಗಟ್ಟಿಯಾಗುವುದು ಯಾಕೆ?

ನಾವು ಉಂಡ ಊಟ ಜಠರ ದಾಟಿ ಸಣ್ಣ ಕರುಳಿಗೆ ಹೋಗುತ್ತದೆ. ಅದು ಸುಮಾರು 20 ಅಡಿ ಉದ್ದ ಇದೆ. ಅಲ್ಲಿ ಊಟದ ಸಾರವನ್ನು ಮೈ ಹೀರಿಕೊಳ್ಳುತ್ತದೆ. ಉಳಿದದ್ದು ದೊಡ್ಡ ಕರುಳಿಗೆ ಬರುತ್ತದೆ. ಅದು ಸುಮಾರು 5 ಅಡಿ. ಅಲ್ಲಿ ನೀರನ್ನು ಹೀರುವ ಕೆಲಸ ನಡೆಯುತ್ತದೆ. ಅಲ್ಲಿ ಹೆಚ್ಚು ಹೊತ್ತು ಕೂತಷ್ಟೂ ಮಲ ಒಣಗುತ್ತದೆ. ಒಣಗಿದಷ್ಟೂ ಹೊರಗೆ ಬರುವುದು ಕಷ್ಟ.

ಸೂಕ್ಷ್ಮಜೀವಿಗಳು ಹೆಚ್ಚಾಗಿ ಇರುವುದು ಈ ದೊಡ್ಡ ಕರುಳಿನಲ್ಲೇ. ಅವುಗಳ ಆಹಾರ ಯಾವುದು ಗೊತ್ತೇ? ನಾರು. ಸೊಪ್ಪು, ಕಾಳು, ರಾಗಿ, ಹಣ್ಣು, ಇವುಗಳಲ್ಲಿ ನಾರು ಇರುತ್ತದೆ. ಅದನ್ನು ನಮ್ಮ ಹೊಟ್ಟೆ ಅರಗಿಸಲಾರದು. ಅದು ಹಾಗೇ ದೊಡ್ಡ ಕರುಳಿಗೆ ಬರುತ್ತದೆ. ಅಲ್ಲಿ ಸೂಕ್ಷ್ಮಜೀವಿಗಳು ಅದನ್ನು ತಿಂದು ಬೆಳೆಯುತ್ತವೆ. ಒಂದು ಬಗೆಯ ಹುಳಿ ಮಾಡುತ್ತವೆ. ಆ ಹುಳಿ ಕರುಳಿನ ಗೋಡೆಗೆ ಆಹಾರವಾಗುತ್ತದೆ. ಕರುಳು ಚೆನ್ನಾಗಿ ಆಡಲು ನೆರವಾಗುತ್ತದೆ. ಅರಗದೆ ಉಳಿದ ನಾರು ನೀರನ್ನು ಹಿಡಿದಿಟ್ಟುಕೊಂಡು ಮಲವನ್ನು ಮೆತ್ತಗೆ ಮಾಡುತ್ತದೆ.

ಮೊಸರಿನ ಪಾತ್ರ ಏನು?

1905ರಲ್ಲಿ ಬಲ್ಗೇರಿಯಾ ದೇಶದ ಸ್ಟಾಮೆನ್ ಗ್ರಿಗೊರೊವ್ ಎಂಬ ವಿಜ್ಞಾನಿ ಮೊಸರಿನಲ್ಲಿರುವ ಒಂದು ಸೂಕ್ಷ್ಮಜೀವಿಯನ್ನು ಗುರುತಿಸಿದರು. ಅದೇ ಕಾಲದಲ್ಲಿ ಪ್ಯಾರಿಸ್‌ನಲ್ಲಿದ್ದ ಮೆಚ್ನಿಕಾಫ್ ಎಂಬ ವಿಜ್ಞಾನಿ, ಮೊಸರಿನ ಜೀವಿಗಳು ಕರುಳಿಗೆ ಒಳ್ಳೆಯದು ಮಾಡುತ್ತವೆ ಎಂದು ಹೇಳಿದರು. ನಮ್ಮ ಹಿರಿಯರು ಅದಕ್ಕೂ ಎಷ್ಟೋ ಮೊದಲಿನಿಂದ ಊಟದ ಕೊನೆಗೆ ಮಜ್ಜಿಗೆ ಕುಡಿಯುತ್ತಿದ್ದರು.

ಮೈಗೆ ಒಳ್ಳೆಯದು ಮಾಡುವ ಇಂಥ ಜೀವಂತ ಸೂಕ್ಷ್ಮಜೀವಿಗಳಿಗೆ ಈಗ ಪ್ರೋಬಯಾಟಿಕ್ ಎಂದು ಹೆಸರು. ಅಂಗಡಿಯಲ್ಲಿ ಮಾತ್ರೆ, ಪುಡಿ, ಪುಟ್ಟ ಬಾಟಲಿಗಳಲ್ಲಿ ಸಿಗುತ್ತವೆ. ಅವುಗಳಿಂದ ಹೊಟ್ಟೆ ಕಟ್ಟುವುದು ನಿಲ್ಲುತ್ತದೆಯೇ?

2014ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 14 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅವುಗಳಲ್ಲಿ 1,182 ಜನ ಇದ್ದರು. ಪ್ರೋಬಯಾಟಿಕ್ ತೆಗೆದುಕೊಂಡವರಿಗೆ ವಾರಕ್ಕೆ ಸರಾಸರಿ ಒಂದು ಸಲ, ಅದಕ್ಕಿಂತ ತುಸು ಹೆಚ್ಚು, ಜಾಸ್ತಿ ಆಗಿತ್ತು. ಆದರೆ ಎಲ್ಲ ಜಾತಿಯ ಸೂಕ್ಷ್ಮಜೀವಿಯೂ ಕೆಲಸ ಮಾಡಿರಲಿಲ್ಲ. ಆಮೇಲೆ ನಡೆದ ಕೆಲವು ಪರೀಕ್ಷೆಗಳಲ್ಲಿ ಲಾಭ ಕಂಡಿಲ್ಲ. ಅಂದರೆ ಏನಾಯಿತು? ಕೆಲವರಿಗೆ ಸ್ವಲ್ಪ ಅನುಕೂಲ ಆಗಬಹುದು. ಎಲ್ಲರಿಗೂ ಆಗುತ್ತದೆ ಎಂದು ಹೇಳುವವರ ಮಾತು ನಂಬಬೇಡಿ.

ಮನೆಯ ಮೊಸರೂ ಹಾಗೆಯೇ. ಅದು ಔಷಧಿ ಅಲ್ಲ, ಒಳ್ಳೆಯ ಊಟ. ಅದರ ಜೀವಿಗಳಲ್ಲಿ ಬಹಳಷ್ಟು ಜಠರದ ಹುಳಿಗೆ ಸಾಯುತ್ತವೆ. ಕೆಲವು ಉಳಿದು ಮುಂದೆ ಹೋಗಬಹುದು. ಅವೂ ಅಲ್ಲೇ ಬಹಳ ದಿನ ನಿಲ್ಲುವುದಿಲ್ಲ. ಅದಕ್ಕೇ ದಿನಾ ಒಂದು ಲೋಟ ಮಜ್ಜಿಗೆ ರೂಢಿ ಒಳ್ಳೆಯದು. ಮಜ್ಜಿಗೆ ಹುಳಿ ಕುದಿಸಿದರೆ, ಇಡ್ಲಿ ಬೇಯಿಸಿದರೆ ಜೀವಿಗಳು ಉಳಿಯುವುದಿಲ್ಲ. ರುಚಿ ಇರುತ್ತದೆ, ಜೀವ ಇರುವುದಿಲ್ಲ. ರಾಗಿ ಅಂಬಲಿ ಆರಿದ ಮೇಲೆ ಮಜ್ಜಿಗೆ ಬೆರೆಸಿದರೆ ನಾರೂ ಸಿಗುತ್ತದೆ, ಜೀವಿಗಳೂ ಸಿಗುತ್ತವೆ.

ಮೊಸರೊಂದೇ ಸಾಲದು

ಹೆಪ್ಪು ಇದ್ದರೆ ಸಾಕೇ? ಹಾಲೂ ಬೇಕಲ್ಲ. ಹಾಗೆಯೇ ಹೊಟ್ಟೆಯ ಜೀವಿಗಳಿಗೆ ನಾರು ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ. ಅಷ್ಟೇ ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ರಾಗಿ ಮುದ್ದೆ, ಜೋಳದ ರೊಟ್ಟಿ ಬಿಟ್ಟು ಮೂರು ಹೊತ್ತೂ ಬಿಳಿ ಅನ್ನ ಉಂಡರೆ ಆ ಜೀವಿಗಳು ಉಪವಾಸ ಬೀಳುತ್ತವೆ. ಹುರುಳಿ, ಅವರೆ, ಅಲಸಂದೆ, ಸೊಪ್ಪು, ಸೀಬೆಹಣ್ಣು ನಮ್ಮ ಸಂತೆಯಲ್ಲೇ ಸಿಗುತ್ತವೆ. ನಾರನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ. ಒಂದೇ ಸಲ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಜೊತೆಗೆ ನೀರನ್ನೂ ಕುಡಿಯಬೇಕು.

ತಡೆದುಕೊಳ್ಳಬೇಡಿ

ಎಷ್ಟೋ ಹೆಣ್ಣುಮಕ್ಕಳ ತೊಂದರೆ ಊಟದ್ದಲ್ಲ, ಜಾಗದ್ದು. 2014ರ ನಂತರ ಸ್ವಚ್ಛ ಭಾರತ ಯೋಜನೆಯಲ್ಲಿ ಊರೂರಲ್ಲೂ ಶೌಚಾಲಯ ಕಟ್ಟಿದ್ದಾರೆ. ಆದರೂ ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ, ದೂರದ ಬಸ್ಸಿನಲ್ಲಿ ಹೆಂಗಸರಿಗೆ ಜಾಗ ಎಲ್ಲಿದೆ? ಹೋಗಬೇಕಾಗುತ್ತದೆ ಎಂದು ನೀರನ್ನೇ ಕುಡಿಯುವುದಿಲ್ಲ. ಬಂದರೂ ತಡೆದುಕೊಳ್ಳುತ್ತಾರೆ. ಹೀಗೆ ತಡೆದು ತಡೆದು ಕರುಳು ಕೊಡುವ ಸೂಚನೆಯೇ ಮಂಕಾಗುತ್ತದೆ. ಆಗ ಎಷ್ಟು ಮೊಸರು ಉಂಡರೂ ಪ್ರಯೋಜನ ಇಲ್ಲ.

ಬೆಳಿಗ್ಗೆ ಏನಾದರೂ ತಿಂದ ಮೇಲೆ, ಕುಡಿದ ಮೇಲೆ ಕರುಳು ತಾನೇ ಆಡುತ್ತದೆ. ಆ ಹೊತ್ತಿಗೆ ಹೆಂಗಸರಿಗೆ ಹತ್ತು ನಿಮಿಷ ಬಿಡುವು ಬೇಕು. ಒಲೆ, ದನ, ಮಕ್ಕಳ ಬುತ್ತಿ ಎಂದು ಓಡಾಡುವ ತಾಯಿಗೆ ಆ ಬಿಡುವು ಮನೆಯವರು ಮಾಡಿಕೊಡಬೇಕು. ಕುಕ್ಕರಗಾಲಲ್ಲಿ ಕೂತರೆ ಸಲೀಸು. ಕುರ್ಚಿಯಂಥ ಕಮೋಡ್ ಇದ್ದರೆ ಪಾದದ ಕೆಳಗೆ ಒಂದು ಮಣೆ ಇಟ್ಟುಕೊಳ್ಳಿ.

ಕೆಂಪು ಮಾತ್ರೆ ಬಿಸಾಡಬೇಡಿ

ಇದು ಬಹಳ ಮುಖ್ಯ. ಬಸುರಿಯರಿಗೆ ಸರ್ಕಾರ ಕಬ್ಬಿಣದ ಅಂಶ ಇರುವ ಕೆಂಪು ಮಾತ್ರೆ ಕೊಡುತ್ತದೆ. ಬಸಿರಿನಲ್ಲಿ 180 ದಿನ, ಹೆರಿಗೆ ಆದ ಮೇಲೆ 180 ದಿನ ನುಂಗಬೇಕು. ಇದರಿಂದ ಕೆಲವರಿಗೆ ಹೊಟ್ಟೆ ಕಟ್ಟುತ್ತದೆ. ಮಲ ಕಪ್ಪಗಾಗುತ್ತದೆ. ಅದನ್ನು ನೋಡಿ ಹೆದರಿ, "ಈ ಮಾತ್ರೆ ಸಾವಾಸವೇ ಬೇಡ" ಎಂದು ಕದ್ದು ಬಿಸಾಡುವವರಿದ್ದಾರೆ. ರಕ್ತ ಕಡಿಮೆ ಇರುವ ತಾಯಿಗೆ ಹೆರಿಗೆಯಲ್ಲಿ ರಕ್ತ ಹೋದರೆ ಜೀವಕ್ಕೇ ಅಪಾಯ. ಮಾತ್ರೆ ನಿಲ್ಲಿಸಬೇಡಿ. ಆಶಾ ಅಕ್ಕನಿಗೆ ತೊಂದರೆ ಹೇಳಿ. ನಾರು, ನೀರು ಹೆಚ್ಚಿಸಿ. ಮಜ್ಜಿಗೆಯನ್ನೂ ಕುಡಿಯಿರಿ. ಆದರೆ ಮಾತ್ರೆಯ ಜೊತೆಗೇ ಮೊಸರು, ಹಾಲು, ಕಾಫಿ, ಟೀ ಬೇಡ. ಎರಡು ಗಂಟೆ ಬಿಟ್ಟು ತೆಗೆದುಕೊಳ್ಳಿ. ಜೊತೆಗೆ ಕುಡಿದರೆ ಮಾತ್ರೆಯ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಬಸುರಿಯರು ಹರಳೆಣ್ಣೆ ಕುಡಿಯಲೇಬಾರದು. ಹೊಟ್ಟೆ ಹಿಂಡಿ ನೋವು ಶುರುವಾಗಬಹುದು.

ಯಾವಾಗ ಆಸ್ಪತ್ರೆಗೆ ಹೋಗಬೇಕು?

ಮಲದಲ್ಲಿ ರಕ್ತ ಬಂದರೆ ಹೋಗಬೇಕು. ಕಬ್ಬಿಣದ ಮಾತ್ರೆ ತಿನ್ನದಿದ್ದರೂ ಮಲ ಟಾರಿನಂತೆ ಕಪ್ಪಗಿದ್ದರೆ ಹೋಗಬೇಕು. ಕಾರಣವಿಲ್ಲದೆ ಮೈ ಇಳಿದರೆ, 50 ವರ್ಷ ದಾಟಿದ ಮೇಲೆ ಹೊಸದಾಗಿ ಹೊಟ್ಟೆ ಕಟ್ಟಲು ಶುರುವಾದರೆ ತೋರಿಸಬೇಕು. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಒಂದು ಗಳಿಗೆಯೂ ತಡ ಮಾಡಬಾರದು. ಆಗ ಭೇದಿ ಮಾತ್ರೆ ಕೊಡಬಾರದು. ಎಳೆಗೂಸಿಗೆ ಹರಳೆಣ್ಣೆ ಕುಡಿಸುವುದು, ಸೋಪಿನ ಚೂರು ಇಡುವುದು ಬೇಡ. ತೀರಾ ಕಾಯಿಲೆಯವರು, ಕ್ಯಾನ್ಸರ್‌ಗೆ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಪ್ರೋಬಯಾಟಿಕ್ ಮಾತ್ರೆ ನುಂಗಬಾರದು.

ನಾವು ಈಗ ಓದಲು ಕಲಿತಿದ್ದೇವೆ. ಅಂಗಡಿಯ ಬಾಟಲಿ ಕೊಳ್ಳುವ ಮೊದಲು ಅದರ ಮೇಲಿನ ಬರಹ ಓದೋಣ. ಓದಲು ಬಾರದ ಭಾಷೆಯಲ್ಲಿದ್ದರೆ ಓದಬಲ್ಲವರಿಂದ ಓದಿಸೋಣ. ತಾರೀಖು ಮುಗಿದಿದೆಯೇ? ಸಕ್ಕರೆ ಎಷ್ಟಿದೆ? ಬೆಲೆ ಎಷ್ಟು? ಅದೇ ದುಡ್ಡಿಗೆ ಎಷ್ಟು ಸೊಪ್ಪು, ಎಷ್ಟು ಕಾಳು ಬರುತ್ತದೆ? ಲೆಕ್ಕ ಹಾಕೋಣ.

ನೆನಪಿಡೋಣ
ದಿನಾ ಮುದ್ದೆ ಅಥವಾ ರೊಟ್ಟಿ, ಜೊತೆಗೆ ಸೊಪ್ಪು, ಕಾಳು.
ಊಟದ ಕೊನೆಗೆ ಒಂದು ಲೋಟ ಮಜ್ಜಿಗೆ.
ಬಾಯಾರಿಕೆ ತಡೆಯಬಾರದು. ಬಂದದ್ದನ್ನೂ ತಡೆಯಬಾರದು.
ಕೆಂಪು ಮಾತ್ರೆ ನಿಲ್ಲಿಸಬಾರದು.

ಮಾತಾಡೋಣ
ನಮ್ಮ ಊರಿನಲ್ಲಿ ಕೆಲಸಕ್ಕೆ ಹೋಗುವ ಹೆಂಗಸರಿಗೆ ಶೌಚಾಲಯ ಎಲ್ಲಿದೆ? ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಯಾರು ಕೇಳುತ್ತೀರಿ?