ತೂಕ ಇಳಿದಿಲ್ಲ, ಏದುಸಿರು ಇಳಿದಿದೆ

ಚಿತ್ರದುರ್ಗದ ಕೋಟೆಯಲ್ಲಿ ತುಪ್ಪದ ಕೊಳದ ಬತೇರಿಗೆ ಹತ್ತುವ ಕಡಿದಾದ ಬಂಡೆಗೆ ಕಾಲಿಡುವಷ್ಟೇ ಜಾಗ ಕೊರೆದಿದ್ದಾರೆ. ಹೊಸಬರು ಕೈಯೂರಿ, ಅರ್ಧದಲ್ಲಿ ನಿಂತು, ಕೆಳಗೆ ನೋಡಿ ಇನ್ನಷ್ಟು ಹೆದರಿ ಮೇಲೇರುತ್ತಾರೆ. ಕೋಟೆಗೋ ಜೋಗಿಮಟ್ಟಿ ರಸ್ತೆಗೋ ದಿನಾ ಬೆಳಿಗ್ಗೆ ಬರುವವರು ಎರಡು ಮೂರು ತಿಂಗಳಲ್ಲಿ ಮಾತಾಡಿಕೊಂಡೇ ಏರು ಹತ್ತುತ್ತಾರೆ. ಮನೆಗೆ ಹೋಗಿ ತೂಕದ ಮಷಿನ್ ಹತ್ತಿದರೆ ಮಾತ್ರ ಅದೇ 74 ಕಿಲೋ! ‘ಇಷ್ಟು ಬೆವರು ಸುರಿಸಿ ಏನು ಬಂತು’ ಎಂದು ಎಷ್ಟೋ ಜನ ಅಲ್ಲಿಗೇ ಕೈಬಿಡುತ್ತಾರೆ.

ಬಂದಿರುವುದು ಬಹಳ. ನಿತ್ಯ ಏರು ಹತ್ತುವವರ ರಕ್ತದ ದ್ರವಾಂಶ ಕೆಲವೇ ವಾರಗಳಲ್ಲಿ ಹೆಚ್ಚುತ್ತದೆ. ಹೃದಯ ಒಂದೊಂದು ಬಡಿತಕ್ಕೂ ಮೊದಲಿಗಿಂತ ಹೆಚ್ಚು ರಕ್ತ ನೂಕುತ್ತದೆ. ತೊಡೆಯ ಸ್ನಾಯುಗಳಲ್ಲಿ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಹೊಸದಾಗಿ ಮೂಡುತ್ತವೆ, ಆಮ್ಲಜನಕ ಬಳಸಿ ಶಕ್ತಿ ಕೊಡುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ. ಇದು ಯಾವುದೂ ತೂಕದ ಮಷಿನ್‌ಗೆ ಕಾಣುವುದಿಲ್ಲ.

ಅದಕ್ಕೆ ಕಾಣುವುದು ಒಟ್ಟು ಮೊತ್ತ. ಅದರಲ್ಲಿ ನೀರಿನದೇ ದೊಡ್ಡ ಆಟ. ದೇಹ ಸಕ್ಕರೆಯನ್ನು ಗ್ಲೈಕೊಜೆನ್ ರೂಪದಲ್ಲಿ ಕೂಡಿಡುವಾಗ ಪ್ರತಿ ಗ್ರಾಂಗೆ ಸುಮಾರು 3 ಗ್ರಾಂ ನೀರನ್ನೂ ಜೊತೆಗೆ ಇಟ್ಟುಕೊಳ್ಳುತ್ತದೆ. ಮುದ್ದೆ, ಅನ್ನ ಬಿಟ್ಟು ಡಯಟ್ ಹಿಡಿದವರ ತೂಕ ಮೊದಲ ವಾರದಲ್ಲೇ ಸರ್ರನೆ ಇಳಿಯುವುದಕ್ಕೆ ಮುಖ್ಯ ಕಾರಣ ಇದು. ಹೊಸದಾಗಿ ವ್ಯಾಯಾಮ ಶುರುಮಾಡಿದವರಲ್ಲಿ ಇದೇ ಲೆಕ್ಕ ತಿರುಗಿ, ತೂಕ ಕೊಂಚ ಏರುವುದೂ ಉಂಟು.

ಒಟ್ಟು ಮೊತ್ತ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮನ್ನೇ ಉದಾಹರಣೆ ಮಾಡಿಕೊಂಡರು. ಅವರದೂ ಬ್ರಿಟನ್ನಿನ ಸಹೋದ್ಯೋಗಿ ಜಾನ್ ಯಡ್ಕಿನ್ ಅವರದೂ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಒಂದೇ, 22.3. ಆದರೆ ಯಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2! ನೋಡಲು ಸಣಕಲು, ಒಳಗೆ ಕೊಬ್ಬು: ನಮ್ಮಲ್ಲಿ ಈ ಮೈಕಟ್ಟು ಸಾಮಾನ್ಯ. ಹೊಟ್ಟೆಯೊಳಗೆ ಕೂರುವ ಕೊಬ್ಬೇ ಮಧುಮೇಹಕ್ಕೆ ಹೆಚ್ಚು ದಾರಿ ಮಾಡುವುದರಿಂದ ತೂಕದ ಬದಲು ನನ್ನ ಮೊದಲ ಓಟು ಟೇಪಿಗೆ. ದರ್ಜಿ ಬಳಸುವ ಟೇಪೇ ಸಾಕು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯೆ, ಉಸಿರು ಬಿಟ್ಟ ಮೇಲೆ, ಹೊಟ್ಟೆ ಒಳಗೆಳೆಯದೆ ಅಳೆಯಬೇಕು (ಈ ಕೊನೆಯ ಷರತ್ತನ್ನು ಪಾಲಿಸುವ ಗಂಡಸರು ಕಡಿಮೆ). ಭಾರತೀಯರಿಗೆ ಹೇಳಿರುವ ಮಿತಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್. ತೂಕ ಅಲ್ಲೇ ನಿಂತು ಸುತ್ತಳತೆ ಇಳಿಯುತ್ತಿದ್ದರೆ ಬಹುಮಟ್ಟಿಗೆ ಕೊಬ್ಬು ಕರಗಿ ಸ್ನಾಯು ಬೆಳೆಯುತ್ತಿದೆ ಎಂದರ್ಥ.

ಎರಡನೆಯದು ನಾಡಿ. ಇದಕ್ಕೆ ಕೋಟೆಯೇ ಪ್ರಯೋಗಶಾಲೆ. ತುಪ್ಪದ ಕೊಳದ ಬಂಡೆ ಬೇಡ, ಮಳೆಗಾಲದಲ್ಲಂತೂ ಅದರ ಸುದ್ದಿಗೇ ಹೋಗಬೇಡಿ. ಮಾಮೂಲಿ ಮೆಟ್ಟಿಲಿನ ಒಂದು ಏರು ಆರಿಸಿ, ಪ್ರತಿ ಸಲ ಅದನ್ನೇ, ಅದೇ ವೇಗದಲ್ಲಿ ಹತ್ತಿ. ಮೇಲೆ ಮುಟ್ಟಿದ ಕೂಡಲೇ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು 15 ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸಿ. ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿ. ಎರಡರ ನಡುವಿನ ಅಂತರ ತಿಂಗಳಿಂದ ತಿಂಗಳಿಗೆ ಹಿಗ್ಗುತ್ತಿದ್ದರೆ ಹೃದಯ ಪಳಗುತ್ತಿದೆ. ಟ್ರೆಡ್‌ಮಿಲ್ ಪರೀಕ್ಷೆಯ ನಂತರದ ಮೊದಲ ನಿಮಿಷದಲ್ಲಿ ನಾಡಿ 12 ಅಥವಾ ಅದಕ್ಕಿಂತ ಕಡಿಮೆ ಇಳಿದವರಲ್ಲಿ ಮುಂದೆ ಸಾವಿನ ಪ್ರಮಾಣ ಹೆಚ್ಚಿತ್ತು ಎಂದು 1999ರ ಅಮೆರಿಕದ ಅಧ್ಯಯನವೊಂದು ತೋರಿಸಿತ್ತು. ಮೆಟ್ಟಿಲ ಮೇಲಿನ ಲೆಕ್ಕವನ್ನು ಆ ಅಂಕಿಗೆ ಹೋಲಿಸಲಾಗದು, ನಿಮ್ಮದೇ ಹಳೆಯ ಲೆಕ್ಕಕ್ಕೆ ಹೋಲಿಸಿಕೊಳ್ಳಬೇಕು.

ಇನ್ನು ಕೈಹಿಡಿತ. ಕೋತಿರಾಜ್ ಎಂದೇ ಹೆಸರಾದ ಜ್ಯೋತಿರಾಜ್ ಬರಿಗೈಯಲ್ಲಿ ಈ ಕೋಟೆಯ ಗೋಡೆ ಏರುವುದನ್ನು ನೋಡಿದವರಿಗೆ ಹಿಡಿತದ ಬೆಲೆ ಹೇಳಬೇಕಿಲ್ಲ. ಭಾರತವೂ ಸೇರಿ 17 ದೇಶಗಳ ಸುಮಾರು 1.4 ಲಕ್ಷ ಜನರ ಅಧ್ಯಯನ 2015ರಲ್ಲಿ ಹೊರಬಂತು. ಸಾವಿನ ಅಪಾಯವನ್ನು ಸೂಚಿಸುವುದರಲ್ಲಿ ರಕ್ತದೊತ್ತಡದ ಮೇಲಿನ ಅಂಕಿಗಿಂತ ಕೈಹಿಡಿತವೇ ಮುಂದಿತ್ತು. ಕೈ ಹಿಸುಕಿ ಹಿಸುಕಿ ಆಯಸ್ಸು ಹೆಚ್ಚಿಸಿಕೊಳ್ಳಬಹುದು ಎಂದಲ್ಲ. ಇಡೀ ಮೈಯ ಸ್ನಾಯುಬಲಕ್ಕೆ ಹಿಡಿತ ಒಂದು ಸುಳಿವು. ಶುದ್ಧ ನೀರಿನ ಘಟಕದಿಂದ ತಂದ 20 ಲೀಟರ್ ಕ್ಯಾನನ್ನು ಎಲ್ಲೂ ಇಳಿಸದೆ ಮಹಡಿಗೆ ಒಯ್ಯಲಾಗುತ್ತಿದೆಯೇ? ವಯಸ್ಸಾದವರಾದರೆ, ಕೈಯೂರದೆ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಏಳುತ್ತಾರೆ? ಕ್ಯಾಲೆಂಡರ್ ಮೇಲೆ ಬರೆದಿಟ್ಟರೆ ಆಯಿತು.

ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ಬಗೆಯ ಮಾತ್ರೆ ನುಂಗುವವರ ನಾಡಿಯನ್ನು ಮಾತ್ರೆಯೇ ಹಿಡಿದಿಟ್ಟಿರುತ್ತದೆ, ಅವರಿಗೆ ನಾಡಿಯ ಲೆಕ್ಕ ಹೊಂದದು. ಹತ್ತುವಾಗ ಎದೆ ಬಿಗಿಯುವವರು, ತಲೆ ಸುತ್ತುವವರು ಮೆಟ್ಟಿಲಿಗಿಂತ ಮೊದಲು ಡಾಕ್ಟರ ಬಳಿ ಹೋಗಬೇಕು.